ದೊಡ್ಡ ಬಜೆಟ್ ಸಿನಿಮಾ, ಸಣ್ಣ ಬಜೆಟ್ ಸಿನಿಮಾ: ದುಡ್ಡು ಬಿಟ್ಟರೆ ಬದಲಾಗುವುದು ಏನು?

ಮಲೆನಾಡ_ಮಳೆಗಾಲ

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ.

2022ರ ‘ಕಾಂತಾರ’ ಮತ್ತು 2025ರ ‘ಕಾಂತಾರ ಚಾಪ್ಟರ್ 1’ ಎರಡನ್ನೂ ಮೊನ್ನೆ ಒಟ್ಟಿಗೆ ನೋಡಿದೆ. ನಿರ್ದೇಶಕರು ರಿಷಬ್ ಶೆಟ್ಟಿಯೇ. ಕ್ಯಾಮೆರಾ ಅರವಿಂದ್ ಕಶ್ಯಪ್ ಅವರದ್ದೇ, ಸಂಗೀತ ಅಜನೀಶ್ ಲೋಕನಾಥ್ ಅವರದ್ದೇ. ಕಂಪನಿ ಹೊಂಬಾಳೆಯೇ. ಮೊದಲನೆಯದಕ್ಕೆ ಸುಮಾರು 16 ಕೋಟಿ ಖರ್ಚಾಗಿದೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಎರಡನೆಯದಕ್ಕೆ ಅದರ ಹಲವು ಪಟ್ಟು. ಜನ ಅವರೇ ಆದರೂ ಸಿನಿಮಾದ ಸ್ವಭಾವವೇ ಬೇರೆ ಅನಿಸಿತು. ಒಂದು ಚೆನ್ನಾಗಿದೆ, ಇನ್ನೊಂದು ಚೆನ್ನಾಗಿಲ್ಲ ಅಂತಲ್ಲ. ಬೇರೆ, ಅಷ್ಟೇ.

ಇದೇ ರಿಷಬ್ ಶೆಟ್ಟಿ ನಿರ್ಮಾಪಕರಾಗಿ ‘ಪೆದ್ರೊ’ ಮಾಡಿದ್ದಾರೆ, ‘ಶಿವಮ್ಮ’ ಮಾಡಿದ್ದಾರೆ. ಅವು ಮತ್ತೊಂದು ಲೋಕ.

ನನಗೆ ಗೊತ್ತಾಗಬೇಕಿರುವುದು ಇದು: ದುಡ್ಡು ಏರಿದಂತೆ ಸಿನಿಮಾ ಕೆಲಸದಲ್ಲಿ ನಿಜಕ್ಕೂ ಬದಲಾಗುವುದು ಏನು? ‘ದೊಡ್ಡದು ಕಮರ್ಷಿಯಲ್, ಸಣ್ಣದು ಕಲೆ’ ಅನ್ನುವ ಹಳೇ ಉತ್ತರ ದಯವಿಟ್ಟು ಬೇಡ. ಸೆಟ್‌ನಲ್ಲೋ ವಿತರಣೆಯಲ್ಲೋ ಕೆಲಸ ಮಾಡಿದವರು ಇಲ್ಲಿ ಕೆಲವರಿದ್ದೀರಿ ಅಂತ ಗೊತ್ತು. ಬಿಡಿಸಿ ಹೇಳಿ.

ಬಾಲ್ಕನಿ_ಸೀಟಿ

ಗುರು, ಇದಕ್ಕೆ ಇಷ್ಟು ಯೋಚನೆ ಯಾಕೆ? ದೊಡ್ಡ ಸಿನಿಮಾದಲ್ಲಿ ನಾನು ಕೊಟ್ಟ ಕಾಸು ಪರದೆ ಮೇಲೆ ಕಾಣುತ್ತದೆ. ಸಣ್ಣ ಸಿನಿಮಾದಲ್ಲಿ ಒಬ್ಬ ಮನುಷ್ಯ ಹೊಲದ ಬದುವಿನ ಮೇಲೆ ಐದು ನಿಮಿಷ ನಡೆಯುತ್ತಾನೆ. ನಮ್ಮಪ್ಪ ದಿನಾ ನಡೆಯುತ್ತಾರೆ, ಅದಕ್ಕೂ ಟಿಕೆಟ್ ತಗೋಬೇಕಾ?

2018ರ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಬಂದಾಗ ಏನಾಯಿತು ನೆನಪಿದೆಯಲ್ವಾ? ಅಲ್ಲಿಯವರೆಗೆ ಕನ್ನಡ ಸಿನಿಮಾ ಅಂದರೆ ಮೂಗು ಮುರಿಯುತ್ತಿದ್ದ ಬೇರೆ ಭಾಷೆಯ ಸ್ನೇಹಿತರು ನನ್ನ ಹತ್ತಿರ ಬಂದು ‘ಎರಡನೇ ಭಾಗ ಯಾವಾಗ’ ಅಂತ ಕೇಳಿದರು. ಆ ಖುಷಿಗೆ ಬೆಲೆ ಕಟ್ಟೋಕಾಗಲ್ಲ.

(‘ತಿಥಿ’ಯ ಮೇಲೆ ಮಾತ್ರ ಕೈ ಇಡಬೇಡಿ. ಅದರಲ್ಲಿ ಬರುವ ಅಜ್ಜ ಸೆಂಚುರಿ ಗೌಡರ ಅಭಿಮಾನಿ ನಾನು.)

ಬೂಮ್_ಹಿಡಿದವನು

ಸೌಂಡ್ ವಿಭಾಗದಲ್ಲಿದ್ದೇನೆ. ಎರಡೂ ಕಡೆ ದುಡಿದಿದ್ದೇನೆ. ಮಲೆನಾಡ ಅವರ ಪ್ರಶ್ನೆಗೆ ನನ್ನ ಕೆಲಸದಿಂದಲೇ ಉತ್ತರ ಕೊಡುತ್ತೇನೆ, ಯಾಕೆಂದರೆ ಕಣ್ಣಿಗೆ ಕಾಣುವ ವ್ಯತ್ಯಾಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕಿವಿಗೆ ಕೇಳುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ದೊಡ್ಡ ಸಿನಿಮಾದಲ್ಲಿ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತವೆ. ಒಂದು ವೈಡ್ (ಇಡೀ ಜಾಗ ಕಾಣುವ ದೂರದ ಶಾಟ್) ಹಿಡಿದಿರುತ್ತದೆ, ಇನ್ನೊಂದು ಮುಖದ ಹತ್ತಿರ. ವೈಡ್ ಇದ್ದರೆ ನನ್ನ ಬೂಮ್, ಅಂದರೆ ತುದಿಗೆ ಮೈಕ್ ಕಟ್ಟಿದ ಉದ್ದ ಕೋಲು, ಫ್ರೇಮಿನೊಳಗೆ ಬರುತ್ತದೆ. ಹಾಗಾಗಿ ನಾನು ದೂರ ನಿಲ್ಲಬೇಕು. ಜೊತೆಗೆ ಗಾಳಿಯ ಫ್ಯಾನು, ಹೊಗೆ ಯಂತ್ರ, ಜನರೇಟರ್, ಮೈಕಿನಲ್ಲಿ ಕೂಗುವ ಅಸೋಸಿಯೇಟ್. ಅಲ್ಲಿ ನಾವು ತೆಗೆಯುವುದು ಬರೀ ಪೈಲಟ್ ಟ್ರ್ಯಾಕ್, ಅಂದರೆ ಆಮೇಲೆ ಡಬ್ಬಿಂಗ್‌ಗೆ ದಾರಿ ತೋರಿಸಲು ಮಾತ್ರ ಇರುವ ಧ್ವನಿ. ಡಬ್ಬಿಂಗ್‌ನಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟುತ್ತಾರೆ. ಐದು ಭಾಷೆಗೆ ಹೋಗುವ ಸಿನಿಮಾ ಅಂದಮೇಲೆ ಹೇಗೂ ಡಬ್ ಮಾಡಲೇಬೇಕು, ಸೆಟ್‌ನಲ್ಲಿ ತಲೆ ಕೆಡಿಸಿಕೊಂಡು ಏನು ಪ್ರಯೋಜನ ಅನ್ನುವ ಲೆಕ್ಕ. ಅದು ತಪ್ಪಲ್ಲ. ಆಮೇಲೆ ಮಿಕ್ಸಿಂಗ್‌ಗೆ ಸಿಗುವ ಸಮಯ, ಸುತ್ತಲಿಂದಲೂ ಶಬ್ದ ಕೇಳಿಸುವ ಅಟ್ಮಾಸ್ ಥಿಯೇಟರ್, ಹೆಜ್ಜೆ, ಬಟ್ಟೆಯಂಥ ಸದ್ದುಗಳನ್ನು ಸ್ಟುಡಿಯೊದಲ್ಲಿ ಹುಟ್ಟಿಸುವ ಫೋಲಿ ಕಲಾವಿದರು, ಇವೆಲ್ಲ ನಮ್ಮಂಥವರಿಗೆ ಹಬ್ಬ. ಅದು ಸಣ್ಣ ಸಿನಿಮಾದಲ್ಲಿ ಸಿಗುವುದಿಲ್ಲ.

ಈಗ ‘ತಿಥಿ’ ತೆಗೆದುಕೊಳ್ಳಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರಿನವರೇ ನಟಿಸಿದ್ದಾರೆ. ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದಲ್ಲೇ ಹಿಡಿದ ಮಾತನ್ನೇ ಸಿನಿಮಾದಲ್ಲಿ ಉಳಿಸಿಕೊಳ್ಳುವುದು. ಅದು ಶೋಕಿಗೆ ಮಾಡಿದ್ದಲ್ಲ, ಬೇರೆ ದಾರಿಯೇ ಇರಲಿಲ್ಲ ಅನ್ನುವುದು ನನ್ನ ಅನಿಸಿಕೆ. ನಟನೆಯ ಗಂಧವೇ ಇಲ್ಲದ ಅಜ್ಜನನ್ನು ಡಬ್ಬಿಂಗ್ ರೂಮಿನಲ್ಲಿ ಕೂರಿಸಿ, ‘ನಿಮ್ಮ ತುಟಿ ನೋಡಿಕೊಂಡು ಅದೇ ಮಾತು ಅದೇ ತರ ಹೇಳಿ’ ಅಂದರೆ ಆಗುತ್ತದಾ? ಇನ್ನೊಬ್ಬರ ಹತ್ತಿರ ದನಿ ಕೊಡಿಸಿದರೆ ಅಜ್ಜನೇ ಮಾಯ. ಆ ಸಿನಿಮಾದ ಗಡ್ಡಪ್ಪನ ಮಾತಿನ ಆ ಎಳೆತ ಯಾವ ಡಬ್ಬಿಂಗ್ ಕಲಾವಿದರಿಗೂ ಬರುವುದಿಲ್ಲ.

ಆದರೆ ಹಳ್ಳಿಯಲ್ಲಿ ಸಿಂಕ್ ಸೌಂಡ್ ಅಂದರೆ ಕಷ್ಟ ನಮಗೇ ಗೊತ್ತು. ಹಿಟ್ಟಿನ ಗಿರಣಿ, ಪಂಪ್‌ಸೆಟ್, ದೇವಸ್ಥಾನದ ಮೈಕು, ಹಾರ್ನ್ ಹೊಡೆಯುವ ಟೆಂಪೋ. ದೊಡ್ಡ ಸಿನಿಮಾದವರು ರಸ್ತೆಯನ್ನೇ ಬಂದ್ ಮಾಡಿಸುತ್ತಾರೆ. ಸಣ್ಣ ಸಿನಿಮಾದ ಮ್ಯಾನೇಜರ್ ಗಿರಣಿಯವರ ಮುಂದೆ ಕೈಮುಗಿದು, ‘ಅಣ್ಣಾ, ಒಂದು ಅರ್ಧ ಗಂಟೆ ನಿಲ್ಲಿಸಿ’ ಅನ್ನುತ್ತಾರೆ. ಅಣ್ಣ ನಿಲ್ಲಿಸಿದರೆ ಸೀನ್ ಆಯಿತು. ಇಲ್ಲದಿದ್ದರೆ ಆ ಸೀನಿನಲ್ಲೇ ಗಿರಣಿಯ ಸದ್ದು ಬಂದು ಸೇರುತ್ತದೆ. ಆಮೇಲೆ ವಿಮರ್ಶೆಯಲ್ಲಿ ‘ಧ್ವನಿ ವಿನ್ಯಾಸ ಅದ್ಭುತ’ ಅಂತ ಬರೆಯುತ್ತಾರೆ. ನಗು ಬರುತ್ತದೆ.

ಇನ್ನೊಂದು ಮಾತು. ದೊಡ್ಡ ಸಿನಿಮಾಕ್ಕೆ ಯೋಚಿಸಲು ಸಮಯ ಜಾಸ್ತಿ ಇರುತ್ತದೆ ಅಂತ ಹೊರಗಿನವರು ತಿಳಿದಿರುತ್ತಾರೆ. ಶೂಟಿಂಗ್‌ಗೆ ಮುಂಚೆ ಹೌದು. ಶೂಟಿಂಗ್ ಶುರುವಾದ ಮೇಲೆ ಪೂರ್ತಿ ಉಲ್ಟಾ. ಯೂನಿಟ್ ಬಾಡಿಗೆ, ಕ್ಯಾರವಾನ್, ನೂರಾರು ಜೂನಿಯರ್ ಕಲಾವಿದರ ಬಾಟಾ (ದಿನದ ಭತ್ಯೆ), ಹೀರೋ ಕಾಲ್‌ಶೀಟ್ (ಶೂಟಿಂಗ್‌ಗೆ ಕೊಟ್ಟ ಸಮಯ), ಎಲ್ಲವೂ ಗಂಟೆ ಗಂಟೆಗೆ ದುಡ್ಡು ತಿನ್ನುತ್ತವೆ. ನಿರ್ದೇಶಕರಿಗೆ ‘ತಡೀರಿ, ಈ ಸೀನು ಬೇರೆ ತರ ಮಾಡೋಣ’ ಅನ್ನುವ ಧೈರ್ಯ ಬರುವುದಿಲ್ಲ. ಗ್ರಾಫಿಕ್ಸ್ ಇರುವ ಶಾಟ್ ಆದರೆ ಕ್ಯಾಮೆರಾ ಎಲ್ಲಿ, ಲೆನ್ಸ್ ಯಾವುದು, ಎಷ್ಟು ಸೆಕೆಂಡು, ಎಲ್ಲ ತಿಂಗಳುಗಳ ಮೊದಲೇ ತೀರ್ಮಾನ. ಸಣ್ಣ ಸಿನಿಮಾದಲ್ಲಿ ಇಡೀ ತಂಡ ಒಂದು ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಹಿಡಿಸುತ್ತದೆ. ಮೋಡ ಬಂತಾ? ಬೇರೆ ಸೀನ್ ತೆಗೆಯೋಣ ಅಂತ ಹೊರಟುಬಿಡಬಹುದು.

ಆದರೆ ಸಣ್ಣದರಲ್ಲಿ ಕೆಟ್ಟರೆ ಕೆಟ್ಟಿತು. ರೀಶೂಟ್ ಅನ್ನುವ ಮಾತೇ ಇಲ್ಲ. ಆ ಸೀನ್ ಇಲ್ಲದೆ ಕಥೆ ಹೇಗೆ ಹೇಳೋದು ಅಂತ ಎಡಿಟಿಂಗ್‌ನಲ್ಲಿ ಕೂತು ಪರದಾಡಬೇಕು.

ಮಲೆನಾಡ_ಮಳೆಗಾಲ

ಬೂಮ್ ಅವರೇ, ಧನ್ಯವಾದ. ಕ್ಯಾಮೆರಾ ಜಾಸ್ತಿ ಆದರೆ ಶಬ್ದ ಕಳೆದುಹೋಗುತ್ತದೆ ಅನ್ನುವುದು ನನಗೆ ಪೂರ್ತಿ ಹೊಸ ವಿಷಯ. ಹಾಗಾದರೆ ಬಜೆಟ್ ಏರಿದಂತೆ ಆಯ್ಕೆ ಕಡಿಮೆ ಆಗುತ್ತದೆ ಅಂತ ಹೇಳಬಹುದಾ?

ಬೂಮ್_ಹಿಡಿದವನು

ಸೆಟ್‌ನಲ್ಲಿ ಹೌದು. ಸೆಟ್ ಬಿಟ್ಟು ಹೊರಗೆ ಬಂದ ಮೇಲೆ ಇಲ್ಲ. ಅದಕ್ಕೆ ಗೋಪಿ ಅಣ್ಣ ಬರಬೇಕು. ಎಲ್ಲಿದ್ದೀರಣ್ಣ?

ಹೊಸ್ತಿಲು

ಗೋಪಿ ಅಣ್ಣ ಬರುವ ಮುಂಚೆ ನಾನೊಂದು ಮಾತು ಹೇಳಿಬಿಡುತ್ತೇನೆ. ಕಾಸ್ಟ್ಯೂಮ್‌ನಲ್ಲಿ ಸಹಾಯಕಿಯಾಗಿ ಶುರು ಮಾಡಿ ಈಗ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದೇನೆ. ‘ಸಣ್ಣ ತಂಡ, ಒಂದು ಟಿಟಿ, ಸ್ವಾತಂತ್ರ್ಯ’ ಅಂತ ಓದುವಾಗ ಚೆಂದ ಅನಿಸುತ್ತದೆ. ಆ ಟಿಟಿಯಲ್ಲಿ ಕೂತವರಿಗೆ ಸಂಬಳ ಎಷ್ಟು ಅಂತ ಯಾರಾದರೂ ಕೇಳಿದ್ದೀರಾ?

ನಾನು ಮಾಡಿದ ಮೊದಲ ಇಂಡಿಪೆಂಡೆಂಟ್ (ದೊಡ್ಡ ಕಂಪನಿಯ ಬೆಂಬಲವಿಲ್ಲದ) ಸಿನಿಮಾದಲ್ಲಿ ‘ನಮ್ಮ ಸಿನಿಮಾ ಅಲ್ವಾ, ಆಮೇಲೆ ನೋಡೋಣ’ ಅಂದರು. ಆ ಆಮೇಲೆ ಇನ್ನೂ ಬಂದಿಲ್ಲ. ಶೌಚಾಲಯಕ್ಕೆ ಊರಿನ ಒಬ್ಬ ಅಮ್ಮನ ಮನೆಗೆ ಹೋಗುತ್ತಿದ್ದೆವು. ಅವರ ಹೆಸರು ಟೈಟಲ್‌ನಲ್ಲೂ ಇಲ್ಲ. ರಾತ್ರಿ ಎಷ್ಟು ಹೊತ್ತಾದರೂ ಪ್ಯಾಕಪ್ ಇಲ್ಲ, ಯಾಕೆಂದರೆ ಕೇಳುವವರಿಲ್ಲ. ದೊಡ್ಡ ಸಿನಿಮಾದಲ್ಲಿ ಸಿನಿಮಾ ಕಾರ್ಮಿಕರ ಒಕ್ಕೂಟದ ನಿಯಮ ಇರುತ್ತದೆ. ಕಾಲ್‌ಶೀಟ್ ಮೀರಿದರೆ ಹೆಚ್ಚುವರಿ ಕೊಡಬೇಕು. ಲೈಟ್ ಹುಡುಗರಿಗೆ ಹೊತ್ತಿಗೆ ಸರಿಯಾಗಿ ಊಟ ಬರುತ್ತದೆ. ಬಾಟಾ ಅವತ್ತೇ ಕೈಗೆ.

ಇನ್ನೊಂದು ಮುಖವೂ ಇದೆ. ದೊಡ್ಡ ಸೆಟ್‌ನಲ್ಲಿ ನಾವು ಹತ್ತಾರು ಅಸಿಸ್ಟೆಂಟ್‌ಗಳು. ನನ್ನ ಕೆಲಸ ಏನು ಗೊತ್ತಾ? ಹಿಂದೆ ನಿಂತ ಸೈನಿಕರ ರುಮಾಲು ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇದೆಯಾ ಅಂತ ಫೋಟೋ ನೋಡಿ ಸರಿಮಾಡುವುದು. ವಾರಗಟ್ಟಲೆ ಬರೀ ರುಮಾಲು. ನಿರ್ದೇಶಕರ ಹತ್ತಿರ ಮಾತಾಡುವ ಅವಕಾಶವೇ ಬರಲಿಲ್ಲ. ಆ ಸಣ್ಣ ಸಿನಿಮಾದಲ್ಲಿ ಡೈಲಾಗ್ ಬರೆದೆ, ಕ್ಲಾಪ್ ಹೊಡೆದೆ, ಒಂದು ಪಾತ್ರಕ್ಕೆ ನಟಿ ಬರಲಿಲ್ಲ ಅಂತ ನಟಿಸಿಯೂ ಬಿಟ್ಟೆ. ಕಲಿತಿದ್ದೆಲ್ಲ ಅಲ್ಲೇ. ಬಾಡಿಗೆ ಕಟ್ಟಿದ್ದೆಲ್ಲ ಇಲ್ಲಿಂದ.

ಹಾಗಾಗಿ ‘ಕಡಿಮೆ ಬಜೆಟ್‌ನಲ್ಲಿ ಮುಗಿಸಿದೆವು’ ಅಂತ ಯಾರಾದರೂ ವೇದಿಕೆ ಮೇಲೆ ಹೆಮ್ಮೆಯಿಂದ ಹೇಳಿದರೆ, ಉಳಿದ ದುಡ್ಡು ಯಾರ ಜೇಬಿನದ್ದು ಅಂತ ಒಮ್ಮೆ ಕೇಳಿ.

ಬಾಲ್ಕನಿ_ಸೀಟಿ

ಮೇಡಂ, ಇದು ಖಡಕ್ ಮಾತು. ರುಮಾಲಿನ ಬಗ್ಗೆ ಇನ್ನು ಮುಂದೆ ಥಿಯೇಟರ್‌ನಲ್ಲಿ ಗಮನ ಕೊಡುತ್ತೇನೆ.

ಗಾಂಧಿನಗರದ_ಗೋಪಿ

ಕರೆದಿರಲ್ಲ, ಬಂದೆ. ಬಹಳ ವರ್ಷ ವಿತರಕರ ಆಫೀಸಿನಲ್ಲಿ ಲೆಕ್ಕ ಬರೆದವನು. ರೀಲು ಡಬ್ಬ ಬಸ್ಸಿಗೆ ಹಾಕಿ ಕಳಿಸಿದ ಕಾಲದಿಂದ ನೋಡಿದ್ದೇನೆ.

ನನ್ನ ಪ್ರಕಾರ ನೀವೆಲ್ಲ ಶೂಟಿಂಗ್ ಕಡೆ ನೋಡುತ್ತಿದ್ದೀರಿ. ನಿಜವಾದ ಕಂದಕ ಇರುವುದು ಶುಕ್ರವಾರದಲ್ಲಿ, ಅಂದರೆ ಸಿನಿಮಾ ಬಿಡುಗಡೆಯಾಗುವ ದಿನದಲ್ಲಿ. ಸಿನಿಮಾ ಮಾಡುವ ಖರ್ಚು ಇಳಿದಿದೆ. ತೋರಿಸುವ ಖರ್ಚು ಏರಿದೆ. ಹಿಂದೆ ನೆಗೆಟಿವ್, ಲ್ಯಾಬು, ಪ್ರಿಂಟು ಅಂತ ಲಕ್ಷಗಟ್ಟಲೆ ಹೋಗುತ್ತಿತ್ತು. ಈಗ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ, ಎಡಿಟಿಂಗ್ ಮನೆಯಲ್ಲೇ ಮಾಡಬಹುದು. ಅದಕ್ಕೇ ಕನ್ನಡದಲ್ಲಿ ಈಗ ವರ್ಷಕ್ಕೆ ಇನ್ನೂರರ ಆಸುಪಾಸು ಸಿನಿಮಾ ಬಿಡುಗಡೆ ಆಗುತ್ತವೆ. ವರ್ಷಕ್ಕೆ ಶುಕ್ರವಾರ 52. ನೀವೇ ಭಾಗಿಸಿ. ಅದರ ಮೇಲೆ ತೆಲುಗು, ತಮಿಳು, ಹಿಂದಿ, ಇಂಗ್ಲಿಷ್, ಎಲ್ಲ ಅದೇ ಪರದೆಗೆ ಕ್ಯೂ ನಿಂತಿವೆ.

ಈಗ ಒಂದು ಸಣ್ಣ ಸಿನಿಮಾ ರೆಡಿ ಆಗಿದೆ ಅಂದುಕೊಳ್ಳಿ. ಸೆನ್ಸಾರ್ ಆಗಬೇಕು. ಸಿನಿಮಾದಲ್ಲಿ ಎತ್ತು, ಕುರಿ, ಕೋಳಿ ಇದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಬೇಕು. ಆ ಅನುಮತಿಯನ್ನು ಶೂಟಿಂಗ್‌ಗೆ ಮುಂಚೆಯೇ ತಗೋಬೇಕು. ಮಂಡಳಿಯ ಕಚೇರಿ ಇರುವುದು ಹರಿಯಾಣದಲ್ಲಿ. ದೊಡ್ಡ ಕಂಪನಿಯಲ್ಲಿ ಇದಕ್ಕೇ ಅಂತ ಒಬ್ಬರಿರುತ್ತಾರೆ. ಹಳ್ಳಿ ಕಥೆ ಮಾಡುವ ಹುಡುಗರಿಗೆ ಮನೆ ಮುಂದೆ ಕಟ್ಟಿದ ಎಮ್ಮೆಗೂ ಕಾಗದ ಬೇಕು ಅಂತ ಗೊತ್ತಾಗುವುದೇ ಕೊನೆಯಲ್ಲಿ. ಗ್ರಾಮೀಣ ಸಿನಿಮಾದಲ್ಲಿ ಎಮ್ಮೆ ಇಲ್ಲದೆ ಹೇಗೆ ಮಾಡೋದು ಹೇಳಿ!

ಆಮೇಲೆ ಥಿಯೇಟರ್. ದೊಡ್ಡ ಹೀರೋ ಸಿನಿಮಾಕ್ಕೆ ಥಿಯೇಟರಿನವರೇ, ಇಲ್ಲಾ ಏರಿಯಾದ ಹಂಚಿಕೆದಾರರೇ ಎಂ.ಜಿ. (ಮಿನಿಮಮ್ ಗ್ಯಾರಂಟಿ, ಇಷ್ಟು ಖಚಿತ ಅನ್ನುವ ಮೊತ್ತ) ಅಥವಾ ಅಡ್ವಾನ್ಸ್ ಕೊಡುತ್ತಾರೆ. ಅಂದರೆ ಸಿನಿಮಾ ಬರುವ ಮುಂಚೆಯೇ ನಿರ್ಮಾಪಕರ ಕೈಗೆ ದುಡ್ಡು. ಸಣ್ಣವರಿಗೆ ಸಿಂಗಲ್ ಸ್ಕ್ರೀನ್‌ನಲ್ಲಿ ವಾರದ ಬಾಡಿಗೆ ಪದ್ಧತಿ. ನಿರ್ಮಾಪಕರೇ ಬಾಡಿಗೆ ಕಟ್ಟಬೇಕು, ಜನ ಬರಲಿ ಬಿಡಲಿ. ಒಬ್ಬರಿಗೆ ಥಿಯೇಟರ್ ಆದಾಯ, ಇನ್ನೊಬ್ಬರಿಗೆ ಖರ್ಚು. ಅದರ ಮೇಲೆ ಸಿನಿಮಾವನ್ನು ಡಿಜಿಟಲ್ ಆಗಿ ಥಿಯೇಟರಿಗೆ ತಲುಪಿಸುವ ಕ್ಯೂಬ್, ಯುಎಫ್‌ಒ ಕಂಪನಿಗಳಿಗೆ ಶುಲ್ಕ. ಪೋಸ್ಟರು, ಪತ್ರಿಕಾಗೋಷ್ಠಿ, ಆನ್‌ಲೈನ್ ಪ್ರಚಾರ, ಟ್ರೈಲರ್ ಬಿಡುಗಡೆಗೆ ಬರುವ ಅತಿಥಿಗಳ ಹೂವಿನ ಹಾರ. ಎಷ್ಟೋ ಸಣ್ಣ ಸಿನಿಮಾಗಳಿಗೆ ತಯಾರಿಗೆ ಆದಷ್ಟೇ ಪ್ರಚಾರಕ್ಕೂ ಬೇಕಾಗುತ್ತದೆ. ಅಷ್ಟು ಇಟ್ಟುಕೊಂಡಿರುವವರು ಕಡಿಮೆ.

ಮಲ್ಟಿಪ್ಲೆಕ್ಸ್‌ಗೆ ಬನ್ನಿ. 2009ರಲ್ಲಿ ಹಿಂದಿ ನಿರ್ಮಾಪಕರು ಮಲ್ಟಿಪ್ಲೆಕ್ಸ್‌ಗಳಿಗೆ ಸುಮಾರು ಎರಡು ತಿಂಗಳು ಹೊಸ ಸಿನಿಮಾ ಕೊಡದೆ ಮುಷ್ಕರ ಹೂಡಿದರು. ಕೊನೆಗೆ ಆದ ಒಪ್ಪಂದ ಹೀಗೆ: ಮೊದಲ ವಾರದ ಗಳಿಕೆಯಲ್ಲಿ ವಿತರಕರಿಗೆ ನೂರಕ್ಕೆ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ವಾರ ಕಳೆದಂತೆ ನಿರ್ಮಾಪಕರ ಕಡೆಯ ಪಾಲು ಇಳಿಯುತ್ತದೆ. ಮೊದಲ ಮೂರು ದಿನದಲ್ಲೇ ಬಾಚಿಕೊಳ್ಳುವ ಸ್ಟಾರ್ ಸಿನಿಮಾಕ್ಕೆ ಇದು ಹೇಳಿ ಮಾಡಿಸಿದ ಲೆಕ್ಕ. ಒಬ್ಬರಿಂದ ಒಬ್ಬರಿಗೆ ಮಾತು ಹರಡಿ ಎರಡನೇ ವಾರ ಜನ ಬರುವ ಸಿನಿಮಾಕ್ಕೆ? ಜನ ಬರುವ ಹೊತ್ತಿಗೆ ಪಾಲು ಕಡಿಮೆ. ಅದೂ ಎರಡನೇ ವಾರ ಅನ್ನೋದು ಬಂದರೆ. ಬೆಳಗ್ಗೆ ಹತ್ತರದ್ದೋ ಮಧ್ಯಾಹ್ನದ್ದೋ ಒಂದು ಶೋ ಕೊಡುತ್ತಾರೆ. ಭಾನುವಾರ ರಾತ್ರಿ ಲೆಕ್ಕ ನೋಡಿ ಸೋಮವಾರ ಶೋ ಕಟ್. ಕೆಲಸಕ್ಕೆ ಹೋಗುವವರು ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬರುತ್ತಾರಾ?

ಚಾಪ್ಟರ್ 1 ಒಂದೇ ದಿನ ಅಷ್ಟು ಭಾಷೆಗಳಲ್ಲಿ ಬಂತಲ್ಲ, ಅದು ದುಡ್ಡಿನ ಶಕ್ತಿ. 2022ರ ಕಾಂತಾರ ಮೊದಲು ಕನ್ನಡದಲ್ಲಷ್ಟೇ ಬಂತು. ಜನರೇ ಹೊತ್ತು ಮೆರೆಸಿದ ಮೇಲೆ ಎರಡು ವಾರ ಬಿಟ್ಟು ಹಿಂದಿಗೆ ಹೋಯಿತು. ಮಲೆನಾಡ ಅವರಿಗೆ ಕಂಡ ವ್ಯತ್ಯಾಸಕ್ಕೆ ಇದೂ ಕಾರಣ ಇರಬಹುದು. ಮೊದಲನೆಯದು ಮೊದಲು ಯಾರಿಗೆ ತೋರಿಸಬೇಕು ಅಂತ ಗೊತ್ತಿದ್ದ ಸಿನಿಮಾ. ಎರಡನೆಯದು ಮೊದಲ ದಿನವೇ ಪಟ್ನಾದವರಿಗೂ ಅರ್ಥವಾಗಬೇಕಿತ್ತು.

ಕೊಪ್ಪಳ_ಕಿನ್ನಾಳ

ಗೋಪಿ ಸರ್ ಹೇಳಿದ್ದಕ್ಕೆ ನಮ್ಮ ಕಡೆಯ ಕಥಿ ಸೇರಿಸ್ತೀನಿ. ‘ಶಿವಮ್ಮ’ ತೆಗೆದದ್ದು ನಮ್ಮ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ. ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಹೆಣ್ಣುಮಗಳು. ಗಂಡನಿಗೆ ಲಕ್ವಾ. ಎನರ್ಜಿ ಡ್ರಿಂಕ್ ಮಾರುವ ಚೈನ್ ವ್ಯವಹಾರಕ್ಕೆ ದುಡ್ಡು ಹಾಕುತ್ತಾಳೆ. ಇಂಥ ವ್ಯವಹಾರ ನಮ್ಮ ಓಣಿಯಲ್ಲೂ ಆಗ್ಯಾವ. ಊರ ಮಂದಿಯೇ ನಟಿಸಿದ್ದಾರೆ, ನಮ್ಮ ಮಾತು ನಮ್ಮ ಮಾತಿನಂತೆಯೇ ಇದೆ. ದೊಡ್ಡ ಸಿನಿಮಾದಲ್ಲಿ ಉತ್ತರ ಕರ್ನಾಟಕದವರು ಅಂದರೆ ಕಾಮಿಡಿಗೆ ಒಬ್ಬ, ‘ಏನ್ಲೇ’ ಅನ್ನಾಕ ಒಬ್ಬ. ಇಲ್ಲಿ ಮನುಷ್ಯರಿದ್ದಾರೆ.

2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಇಲ್ಲಿ ಬಿಡುಗಡೆ ಆಗಿದ್ದು 2024ರ ಜೂನ್‌ನಲ್ಲಿ. ಬುಸಾನ್ ಮಂದಿ ನಮಗಿಂತ ಎರಡು ವರ್ಷ ಮೊದಲು ಯರೇಹಂಚಿನಾಳ ನೋಡಿದರು! ನಾನು ನೋಡಿದ್ದು ಬೆಂಗಳೂರಿಗೆ ಬಂದಾಗ.

ಭಾಳ ಸಿಟ್ಟು ಬರುತ್ತದೆ. ನಮ್ಮ ಕಥೆ, ನಮ್ಮ ಊರು, ಆದರೆ ನಮ್ಮ ಅವ್ವ ಅದನ್ನು ದೊಡ್ಡ ಪರದೆ ಮೇಲೆ ನೋಡಲಿಲ್ಲ. ಅವ್ವ ನೋಡಿದ್ದು ಕೆಜಿಎಫ್. ಅದರಲ್ಲೂ ತಾಯಿ ಇದ್ದಳು, ಅವ್ವನಿಗೆ ಇಷ್ಟ ಆಯಿತು ಬಿಡ್ರಿ.

ಸಿಯಾಟಲ್_ಸೀನ

ಅಮೆರಿಕದಲ್ಲಿ ಇರುವವನು, ಇಲ್ಲಿಯ ಲೆಕ್ಕ ಸ್ವಲ್ಪ ಹೇಳುತ್ತೇನೆ. ಇಲ್ಲಿ ‘ಸ್ಟುಡಿಯೊ ಸಿನಿಮಾ’ ಅಂದರೆ ಬರೀ ದೊಡ್ಡ ಬಜೆಟ್ ಅಂತಲ್ಲ. ಡಿಸ್ನಿ, ವಾರ್ನರ್, ಯೂನಿವರ್ಸಲ್, ಸೋನಿ, ಪ್ಯಾರಾಮೌಂಟ್, ಈ ಐದರಲ್ಲಿ ಒಂದು ಕಂಪನಿ ದುಡ್ಡು ಹಾಕಿ, ತಾನೇ ವಿತರಿಸಿ, ಸಿನಿಮಾದ ಮಾಲೀಕತ್ವವನ್ನೂ ತಾನೇ ಇಟ್ಟುಕೊಂಡರೆ ಅದು ಸ್ಟುಡಿಯೊ ಸಿನಿಮಾ. ಕಥೆ ಒಪ್ಪಲು ಒಂದು ಕಮಿಟಿ. ಎಡಿಟ್ ಆದ ಮೇಲೆ ಪ್ರೇಕ್ಷಕರನ್ನು ಕೂರಿಸಿ ಪರೀಕ್ಷೆ. ಅವರಿಗೆ ಕ್ಲೈಮ್ಯಾಕ್ಸ್ ಇಷ್ಟ ಆಗದಿದ್ದರೆ ಮತ್ತೆ ಶೂಟಿಂಗ್. ಕೊನೆಯ ಕತ್ತರಿ ಹೆಚ್ಚಿನ ನಿರ್ದೇಶಕರ ಕೈಯಲ್ಲಿ ಇರುವುದಿಲ್ಲ.

2022ರಲ್ಲಿ ವಾರ್ನರ್ ಕಂಪನಿ ‘ಬ್ಯಾಟ್‌ಗರ್ಲ್’ ಸಿನಿಮಾಕ್ಕೆ ಏನು ಮಾಡಿತು ನೋಡಿ. ಸುಮಾರು 9 ಕೋಟಿ ಡಾಲರ್ ಖರ್ಚಾಗಿತ್ತು, ಶೂಟಿಂಗ್ ಮುಗಿದಿತ್ತು. ಬಿಡುಗಡೆಯೇ ಬೇಡ ಅಂತ ತೀರ್ಮಾನಿಸಿ ಮೂಲೆಗೆ ಹಾಕಿದರು. ನಿರ್ದೇಶಕರು ಏನೂ ಮಾಡುವಂತಿರಲಿಲ್ಲ.

ಇನ್ನೊಂದು ಕಡೆ ‘ಅನೋರಾ’. ಸುಮಾರು 60 ಲಕ್ಷ ಡಾಲರ್‌ನಲ್ಲಿ ಆದ ಸಿನಿಮಾ. ಶಾನ್ ಬೇಕರ್ ಬರೆದು, ನಿರ್ದೇಶಿಸಿ, ಎಡಿಟಿಂಗ್ ಕೂಡ ತಾವೇ ಮಾಡಿದ್ದು. 2024ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ಡಿ’ಓರ್, 2025ರಲ್ಲಿ ಐದು ಆಸ್ಕರ್. ಚೆನ್ನಾಗಿದೆ ಅಲ್ವಾ? ಆದರೆ ಅದರ ಪ್ರಚಾರಕ್ಕೆ ಹಂಚಿಕೆ ಕಂಪನಿ 1.8 ಕೋಟಿ ಡಾಲರ್ ಖರ್ಚು ಮಾಡಿತು ಅಂತ ವರದಿಯಾಗಿತ್ತು. ತಯಾರಿಕೆಯ ಮೂರು ಪಟ್ಟು! ಗೋಪಿ ಅವರ ಮಾತು ಇಲ್ಲಿಗೂ ಸರಿಹೊಂದುತ್ತದೆ.

ಒಂದು ತಕರಾರು. ಈ ಅಳತೆ ಹಿಡಿದರೆ ಕನ್ನಡದಲ್ಲಿ ಸ್ಟುಡಿಯೊ ಎಲ್ಲಿದೆ? ಕೆಜಿಎಫ್‌ನಂಥ ಸಿನಿಮಾ ಕೂಡ ಒಬ್ಬ ನಿರ್ಮಾಪಕ ಒಬ್ಬ ನಿರ್ದೇಶಕನನ್ನು ನಂಬಿ ಮಾಡಿದ್ದು. ಇಲ್ಲಿಯ ಭಾಷೆಯಲ್ಲಿ ಅದೂ ಇಂಡಿಪೆಂಡೆಂಟೇ.

ಗಾಂಧಿನಗರದ_ಗೋಪಿ

ಸೀನ ಅವರೇ, ಹೆಸರು ಏನಾದರೂ ಇರಲಿ. ನಮ್ಮಲ್ಲಿ ಕಮಿಟಿ ಇಲ್ಲ, ನಿಜ. ಕಮಿಟಿ ಕೆಲಸವನ್ನು ಹೀರೋ ಇಮೇಜು ಮಾಡುತ್ತದೆ. ಎಂಟ್ರಿ ಹೀಗಿರಬೇಕು, ಇಂಟರ್ವಲ್‌ಗೆ ಫೈಟ್ ಬೇಕು, ಹೀರೋ ಸೋಲಬಾರದು. ಯಾರೂ ಕೂತು ಹೇಳಬೇಕಿಲ್ಲ, ಬರೆಯುವವರ ಕೈಯೇ ಹೆದರಿ ಬರೆಯುತ್ತದೆ.

ಟೆಂಟ್_ತಾತ

ಹುಡುಗರ ಚರ್ಚೆ ಓದಿ ಸಂತೋಷವಾಯಿತು. ಈ ಜಗಳ ಹೊಸದಲ್ಲ ಅಂತ ಹೇಳೋಣ ಅಂತ ಬಂದೆ.

1970ರ ‘ಸಂಸ್ಕಾರ’ ಮಾಡಿದ್ದು ಸ್ನೇಹಿತರ ಗುಂಪು. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಕಾರ್ನಾಡರು ಚಿತ್ರಕಥೆ ಬರೆದು ನಟಿಸಿದರು, ಕ್ಯಾಮೆರಾಕ್ಕೆ ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರ್‌ನವರು ಮೊದಲು ತಡೆದರು. ಆಮೇಲೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಬಂತು. ಎರಡು ವರ್ಷದ ಮೇಲೆ ‘ಬಂಗಾರದ ಮನುಷ್ಯ’ ಬಂದು ವರ್ಷಗಟ್ಟಲೆ ಓಡಿತು. ನಾವು ಎರಡನ್ನೂ ನೋಡಿದೆವು. ಒಂದನ್ನು ನೋಡಿದವರು ಇನ್ನೊಂದನ್ನು ನೋಡಬಾರದು ಅಂತ ಯಾರೂ ಹೇಳಿರಲಿಲ್ಲ.

1977ರಲ್ಲಿ ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’. ಕಪ್ಪು ಬಿಳುಪು. ಎಸ್. ರಾಮಚಂದ್ರ ಅವರ ಕ್ಯಾಮೆರಾ. ಆ ಕಾಲಕ್ಕೆ ಬಣ್ಣ ಅಂದರೆ ಜಾಸ್ತಿ ಖರ್ಚು. ಆದರೆ ಆ ಕಥೆಯನ್ನು ಬಣ್ಣದಲ್ಲಿ ನನಗಂತೂ ಊಹಿಸಲು ಆಗುವುದಿಲ್ಲ. ಇತ್ತೀಚೆಗೆ ಆ ಸಿನಿಮಾವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದೇ ಕಾಲದ ಎಷ್ಟೋ ದುಬಾರಿ ಸಿನಿಮಾಗಳ ನೆಗೆಟಿವ್ ಎಲ್ಲಿದೆ ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ.

ಆಗ ನಮಗೆ ಒಂದು ಅನುಕೂಲ ಇತ್ತು. ಫಿಲಂ ಸೊಸೈಟಿಗಳಿದ್ದವು. ಬೆಂಗಳೂರಿನ ಸುಚಿತ್ರಾ 1971ರಲ್ಲಿ ಶುರುವಾಯಿತು. ಸಿನಿಮಾ ನೋಡಿ ಆಮೇಲೆ ಜಗಳ ಆಡಲು ಒಂದು ಜಾಗ ಇತ್ತು. ಸರ್ಕಾರದ ಸಬ್ಸಿಡಿಯೂ ಇತ್ತು. ಸಬ್ಸಿಡಿ ಈಗಲೂ ಇದೆ, ಅದಕ್ಕಾಗಿಯೇ ಸುತ್ತಿ ಬಿಸಾಕುವ ಸಿನಿಮಾಗಳೂ ಇವೆ. ಸಣ್ಣ ಸಿನಿಮಾ ಅಂದ ಕೂಡಲೇ ಪ್ರಾಮಾಣಿಕ ಅಂತ ನಂಬಬೇಡಿ.

ಬಾಲ್ಕನಿ_ಸೀಟಿ

ತಾತ, ಕೊನೆಯ ಸಾಲಿಗೆ ಕೈಮುಗಿದೆ.

ಎಲ್ಲರೂ ಪ್ರೇಕ್ಷಕರನ್ನೇ ಬೈಯುತ್ತಾರೆ, ಅದಕ್ಕೆ ಹೇಳುತ್ತೇನೆ. ಟಿಕೆಟ್ ದರ ನೋಡಿ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನರ ಮನೆ, ಟಿಕೆಟ್ಟು, ಪಾಪ್‌ಕಾರ್ನ್, ಪಾರ್ಕಿಂಗ್. ತಿಂಗಳಿಗೆ ಒಂದು ಸಿನಿಮಾ ನೋಡುವವನು ಗೊತ್ತಿರುವ ಮುಖವನ್ನೇ ಆರಿಸುತ್ತಾನೆ. ಸಣ್ಣ ಸಿನಿಮಾಕ್ಕೂ ದೊಡ್ಡದಕ್ಕೂ ಹತ್ತಿರ ಹತ್ತಿರ ಅದೇ ರೇಟು ಇದ್ದರೆ ನಾನು ಯಾಕೆ ರಿಸ್ಕ್ ತಗೊಳ್ಳಲಿ?

ಆದರೂ ತಗೊಳ್ಳುತ್ತೇವೆ. 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಬಂದಾಗ ದೊಡ್ಡ ಹೀರೋ ಇರಲಿಲ್ಲ, ಅಬ್ಬರದ ಪ್ರಚಾರವೂ ಇರಲಿಲ್ಲ. ಬಿಡುಗಡೆಗೆ ಮುಂಚೆಯೇ ಪ್ರೀಮಿಯರ್ ಶೋ ಇಟ್ಟರು, ನೋಡಿದವರು ಮಾತಾಡಿದರು. ಅಷ್ಟೇ. ನೂರು ಕೋಟಿ ದಾಟಿತು ಅಂತ ಸುದ್ದಿಯಾಯಿತು. ನಾವೇ ತಾನೇ ಹೋಗಿದ್ದು?

ಹೊಸ್ತಿಲು

ನೀವೇ ಹೋಗಿದ್ದು, ನಿಜ. ಆದರೆ ಅದು ನಗಿಸುವ ಸಿನಿಮಾ ಸೀಟಿ ಅವರೇ. ‘ಫೋಟೋ’ ಅಂತ ಒಂದು ಬಂತು, ಲಾಕ್‌ಡೌನ್‌ನಲ್ಲಿ ಊರಿಗೆ ನಡೆದು ಹೋದವರ ಕಥೆ. ಅದಕ್ಕೆ ಎಷ್ಟು ಜನ ಹೋದಿರಿ?

ಬಾಲ್ಕನಿ_ಸೀಟಿ

ಹೋಗಲಿಲ್ಲ ಮೇಡಂ. ಅಳೋಕೆ ದುಡ್ಡು ಕೊಡೋದು ನನಗೆ ಇಷ್ಟ ಇಲ್ಲ. ಇದರಲ್ಲಿ ಸುಳ್ಳು ಹೇಳಿ ಏನು ಮಾಡಲಿ?

ಮೊದಲ_ಕ್ಲಾಪ್

ಎಲ್ಲ ಓದಿ ಸ್ವಲ್ಪ ಭಯ ಆಯಿತು. ನನ್ನ ಹತ್ತಿರ ಒಂದು ಕಥೆ ಇದೆ. ಶಿರಸಿ ಕಡೆ, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರರ ಬಗ್ಗೆ. ಸ್ನೇಹಿತರೆಲ್ಲ ಸೇರಿ 25 ಲಕ್ಷ ಹೊಂದಿಸಬಹುದು. 2013ರಲ್ಲಿ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಪ್ರೇಕ್ಷಕರು ಸೇರಿ ಸುಮಾರು 50 ಲಕ್ಷ ಹಾಕಿದ್ದರಲ್ಲ. 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಕೂಡ ತೇಜಸ್ವಿ ಅಭಿಮಾನಿಗಳು ದುಡ್ಡು ಕೂಡಿಸಿ ಮಾಡಿದ್ದು. ಒಟಿಟಿ ಇದೆ ಈಗ. ಥಿಯೇಟರ್ ಬೇಡ, ನೇರ ಒಟಿಟಿಗೆ ಕೊಟ್ಟರೆ ಆಗುವುದಿಲ್ಲವಾ?

ಗಾಂಧಿನಗರದ_ಗೋಪಿ

ತಮ್ಮಾ, ಒಟಿಟಿ ನಂಬಿ ಹೊರಡಬೇಡ. ಸಣ್ಣ ಕನ್ನಡ ಸಿನಿಮಾಕ್ಕೆ ಮುಂಗಡ ಕೊಟ್ಟು ಕೊಳ್ಳುವುದು ತೀರಾ ಕಡಿಮೆ ಆಗಿದೆ. ಹೆಚ್ಚಿನವರು ‘ನೋಡಿದಷ್ಟು ನಿಮಿಷಕ್ಕೆ ಲೆಕ್ಕ ಹಾಕಿ ಕೊಡುತ್ತೇವೆ’ ಅನ್ನುತ್ತಾರೆ. ರಕ್ಷಿತ್ ಶೆಟ್ಟಿ ಅವರಂಥವರೇ ‘ಏಕಂ’ ಸರಣಿಗೆ ಕೊಳ್ಳುವವರು ಸಿಗದೆ 2024ರಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಟ್ಟರು. ಸರ್ಕಾರ 2025ರ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗೇ ಒಂದು ಒಟಿಟಿ ಮಾಡುವ ಮಾತು ಹೇಳಿದೆ. ಅದನ್ನು ಲೆಕ್ಕಕ್ಕೆ ಹಿಡಿದು ಸಾಲ ಮಾಡಬೇಡ.

25 ಲಕ್ಷದಲ್ಲಿ 15ಕ್ಕೆ ಸಿನಿಮಾ ಮುಗಿಯುವುದಾದರೆ ಮಾಡು. 10 ಲಕ್ಷ ತೋರಿಸುವುದಕ್ಕೆ ಎತ್ತಿಡು. ನೂರು ಸ್ಕ್ರೀನ್ ಆಸೆ ಬೇಡ. ಶಿರಸಿ, ಸಾಗರ, ಕುಮಟಾ, ಸಿದ್ದಾಪುರ, ಆಮೇಲೆ ಬೆಂಗಳೂರಲ್ಲಿ ಆ ಕಡೆಯವರು ಜಾಸ್ತಿ ಇರುವ ಜಾಗ. ಒಂದೊಂದು ಶೋ, ಸಂಜೆಯದ್ದೇ ಕೇಳು. ಬೆಳಗಿನದ್ದು ಕೊಟ್ಟರೆ ಬೇಡ ಅನ್ನು. ಅಡಿಕೆ ಸೊಸೈಟಿಗಳನ್ನು ಭೇಟಿ ಮಾಡು, ಸಭಾಂಗಣ ಇರುತ್ತದೆ.

ಬೂಮ್_ಹಿಡಿದವನು

ಕೊನೆಗಾರರೇ ನಟಿಸುವುದಾದರೆ ಸಿಂಕ್ ಸೌಂಡ್ ಮಾಡಿ. ಅದರಲ್ಲಿ ಉಳಿತಾಯ ಬೇಡ. ಮಳೆಗಾಲದಲ್ಲಿ ಶೂಟಿಂಗ್ ಅಂದರೆ ಮೊದಲೇ ನನಗೆ ಹೇಳಿ, ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಒಂದು ಮಾತೂ ಕೇಳುವುದಿಲ್ಲ. ಮಾಡಿನ ಮೇಲೆ ಒಣಹುಲ್ಲು ಹಾಸಬೇಕಾಗುತ್ತದೆ. ಮರ ಹತ್ತುವ ಸೀನಿಗೆ ಬೂಮ್ ಎಟಕುವುದಿಲ್ಲ, ಕಾಲರ್ ಮೈಕ್ ಬೇಕು. ಹಳೇ ಸೆಟ್ ಒಂದಿದೆ, ಬಾಡಿಗೆ ಇಲ್ಲದೆ ಕೊಡುತ್ತೇನೆ.

ಹೊಸ್ತಿಲು

ಗೋಪಿ ಅಣ್ಣನ 15 ಲಕ್ಷದಲ್ಲಿ ಸಂಬಳ ಸೇರಿದೆಯಾ ಕೇಳಿ ಮೊದಲು. ಸೇರಿಲ್ಲ ಅಂದರೆ 15 ಅಲ್ಲ ಅದು. ಬೂಮ್ ಅವರು ಪ್ರೀತಿಯಿಂದ ಕೊಡುತ್ತಾರೆ, ಕೊಡಲಿ. ಅದಕ್ಕೂ ಒಂದು ರೇಟ್ ಬರೆದು, ‘ಕೊಡುಗೆ’ ಅಂತ ಲೆಕ್ಕದಲ್ಲಿ ಕಾಣಿಸಿ. ಲಾಭ ಬಂದರೆ ಯಾರಿಗೆ ಎಷ್ಟು ಅಂತ ಶೂಟಿಂಗ್‌ಗೆ ಮುಂಚೆ ಕಾಗದದ ಮೇಲೆ ಬರೆದು ಸಹಿ ಹಾಕಿಸಿ. ಸ್ನೇಹಿತರಾದ್ದರಿಂದಲೇ ಬರೆಯಬೇಕು. ಕೊನೆಗಾರರಿಗೆ ಒಂದು ದಿನದ ಕೂಲಿ ಎಷ್ಟೋ ಅದಕ್ಕಿಂತ ಜಾಸ್ತಿ ಕೊಡಿ, ಅವರು ಕೆಲಸ ಬಿಟ್ಟು ಬರುತ್ತಾರೆ. ಮತ್ತೆ ಮರ ಹತ್ತುವವರಿಗೆ ವಿಮೆ.

ಇಷ್ಟು ಮಾಡಿದರೆ ಕಾಸ್ಟ್ಯೂಮ್‌ಗೆ ನಾನು ಬರುತ್ತೇನೆ. ಬಾಟಾ ಅವತ್ತವತ್ತೇ.

ಮೊದಲ_ಕ್ಲಾಪ್

ವಿಮೆ ಯೋಚನೆಯೇ ಬಂದಿರಲಿಲ್ಲ ಮೇಡಂ. ಹಾಗಾದರೆ ಬಜೆಟ್ ಮತ್ತೆ ಹಾಕಬೇಕು. ಶಾಟ್‌ಗಳನ್ನು ಕಡಿಮೆ ಮಾಡುತ್ತೇನೆ, ಹಾಡು ಹೇಗೂ ಇಲ್ಲ. ಇನ್ನೊಂದು ಸಣ್ಣ ಪ್ರಶ್ನೆ. ಕಥೆಯಲ್ಲಿ ಒಂದು ನಾಯಿ ಇದೆ, ಪೂರ್ತಿ ಸಿನಿಮಾದಲ್ಲಿ ಕೊನೆಗಾರನ ಹಿಂದೆಯೇ ಇರುತ್ತದೆ. ಅದಕ್ಕೂ ಹರಿಯಾಣಕ್ಕೆ ಬರೆಯಬೇಕಾ?

ಗಾಂಧಿನಗರದ_ಗೋಪಿ

ಬರೆಯಬೇಕು. ಶೂಟಿಂಗ್‌ಗೆ ಮುಂಚೆ. ಪಶುವೈದ್ಯರ ಪತ್ರ, ನಾಯಿಯ ಮಾಲೀಕರ ಒಪ್ಪಿಗೆ ಇಟ್ಟುಕೋ. ಬೆಕ್ಕೂ ಇದ್ದರೆ ಈಗಲೇ ಹೇಳು.